ಐಸಿನ ಮೇಲೆ ನಾಲ್ಕು ಪಂಕ್ತಿ

ನನಗೆ ಯಾವ ಸಂಗತಿಯೂ ನಡೆದ ಕ್ರಮದಲ್ಲಿ ನೆನಪಿರುವುದಿಲ್ಲ. ಮೊದಲು ಇದಾಯಿತು, ಆಮೇಲೆ ಅದಾಯಿತು, ಆದ್ದರಿಂದ ಹೀಗಾಯಿತು ಎಂದು ಹೂ ಕಟ್ಟಿದಂತೆ ಹೇಳುವವರನ್ನು ಕಂಡರೆ ನನಗೆ ಗೌರವಕ್ಕಿಂತ ಗುಮಾನಿಯೇ ಹೆಚ್ಚು. ಈಗ ಹೇಳಹೊರಟಿರುವ ವಿಷಯದಲ್ಲೂ ಅಷ್ಟೆ. ಮಾತು ಶುರುವಾದದ್ದು ಕಾರಿನಲ್ಲಿ ಎಂದು ನಾನು, ಅಡುಗೆಮನೆಯಲ್ಲಿ ಎಂದು ಮಗಳು, ಅಂಥ ಮಾತೇ ಆಗಿಲ್ಲ ಎಂದು ಹೆಂಡತಿ. ಮೂವರಲ್ಲಿ ಯಾರೂ ಸುಳ್ಳು ಹೇಳುವ ಪೈಕಿ ಅಲ್ಲ. ಆದ್ದರಿಂದ ಕಾರು ಅಡುಗೆಮನೆಯೊಳಗೆ ನಿಂತಿತ್ತು ಎಂದುಕೊಂಡು ಮುಂದುವರಿಯುವುದೇ ಕ್ಷೇಮ.

ನಾನು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಂದು ಐಸ್ ಹಾಕಿ ತಂಡದ ಮ್ಯಾನೇಜರು. ಹೀಗೆಂದರೆ ಮೈಸೂರಿನ ನೆಂಟರು ಫೋನಿನಲ್ಲಿ "ಕೆಲಸ ಇದೆ ತಾನೇ?" ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಕೆಲಸ ಇದೆ. ವಾರವೆಲ್ಲ ಒಂದು ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ಹೆಲ್ಮೆಟ್ಟು, ಭುಜಕ್ಕೆ ಕವಚ, ಮೊಣಕಾಲಿಗೆ ಕವಚ ಎಲ್ಲ ತೊಟ್ಟು, ಫ್ರಿಜ್ಜಿನ ಗಾತ್ರಕ್ಕೆ ಬೆಳೆದು, ಐಸಿನ ಮೇಲೆ ಬೀಳುತ್ತೇನೆ. ಮ್ಯಾನೇಜರ್ ಪದವಿ ಬಂದದ್ದು ಹೇಗೆಂದರೆ, ರಿಂಕಿನವರ, ಅಂದರೆ ಐಸಿನ ಅಂಗಳದವರ, ಇಮೇಲುಗಳಿಗೆ ಉತ್ತರ ಬರೆಯುತ್ತಿದ್ದವನು ನಾನೊಬ್ಬನೇ. ಆಟಕ್ಕೆ ಇಳಿದದ್ದು ಮಗಳು ಇಳಾಳಿಂದ. ಅವಳು ಚಿಕ್ಕಂದಿನಿಂದ ಆಡುತ್ತಿದ್ದಳು. ವರ್ಷಗಟ್ಟಲೆ ಗಾಜಿನ ಗೋಡೆಯಾಚೆ ನಿಂತು ನಡುಗಿದ ಮೇಲೆ, ನಿಂತು ನಡುಗುವುದಕ್ಕಿಂತ ಬಿದ್ದು ಬೆವರುವುದು ಮೇಲು ಎನ್ನಿಸಿತು. ಈಗ ಅವಳು ಪ್ರಿನ್ಸ್‌ಟನ್‌ನಲ್ಲಿ ಔಷಧದ ಕಂಪನಿಯೊಂದರಲ್ಲಿದ್ದಾಳೆ, ಅಲ್ಲೇ ಅಪಾರ್ಟ್‌ಮೆಂಟು. ದೂರವೇನಲ್ಲ, ಆದರೂ ಮೀಟಿಂಗು, ಗೆಳತಿಯರು, ಲಾಂಡ್ರಿ ಅಂತ ಏನಾದರೊಂದು ಇದ್ದೇ ಇರುತ್ತದೆ. ಅವಳು ನಮಗೆ ತಪ್ಪದೆ ಸಿಗುತ್ತಿದ್ದದ್ದು ಭಾನುವಾರದ ಆಟದಲ್ಲಿ ಮಾತ್ರ. ಅಪ್ಪ ಮಗಳು ಒಂದೇ ಬಣ್ಣದ ಜೆರ್ಸಿ ತೊಟ್ಟು ಆಡಿ, ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿಯ ಅಂಚಿಗೆ ಕೂತು ಕಾಫಿ ಕುಡಿಯುತ್ತಿದ್ದೆವು. ನನ್ನ ಮುಂದಿನ ಎಲ್ಲ ಪೆದ್ದುತನಕ್ಕೂ ಆ ಕಾಫಿಯೇ ಕಾರಣ.

ಕಳೆದ ಸೀಸನ್ನಿನಲ್ಲಿ ಗೋಲಿಗೆ ನುಗ್ಗಬೇಕಾದ ನಮ್ಮ ಫಾರ್ವರ್ಡುಗಳ ಪೈಕಿ ಒಬ್ಬರು ಟೆಕ್ಸಸ್ಸಿಗೆ ಮನೆ ಬದಲಾಯಿಸಿದರು, ಇನ್ನೊಬ್ಬರ ಮಂಡಿ ಕೈಕೊಟ್ಟಿತು. ಉಳಿದವರು ಆಟ ಮುಗಿಯುವ ಹೊತ್ತಿಗೆ ಮಾತಾಡಲೂ ಉಸಿರಿಲ್ಲದೆ ಸ್ಟಿಕ್ಕು ಊರಿಕೊಂಡು ನಿಲ್ಲುತ್ತಿದ್ದರು. ಎದುರಿನವರು ನಮ್ಮನ್ನು ಸುತ್ತು ಹಾಕಿಕೊಂಡು ಹೋಗಿ ಗೋಲು ಹೊಡೆಯುತ್ತಿದ್ದರು. ಆಗ ಇಳಾ ಹೇಳಿದ ಮಾತೇ, ಕಾರೋ ಅಡುಗೆಮನೆಯೋ, "ಅಪ್ಪ, ವಿ ಹ್ಯಾವ್ ನೋ ಡೆಪ್ತ್. ಸಮ್ಮರಲ್ಲಿ ಫಾರ್ವರ್ಡ್ಸ್ ಹುಡುಕು. ಇಲ್ಲಾಂದ್ರೆ ನಾನು ಇನ್ನೊಂದು ಸೀಸನ್ ಆಡಲ್ಲ." ನಾನು ಇದನ್ನು ಸುಗ್ರೀವಾಜ್ಞೆಯಂತೆ ಸ್ವೀಕರಿಸಿದೆ. ಡೆಪ್ತ್ ಎಂದರೇನು ಎಂದು ಕೇಳುವ ಧೈರ್ಯ ಮಾತ್ರ ಆಗಲಿಲ್ಲ.

ಜುಲೈ ಬಂತು. ನನಗೆ ಜುಲೈ ಎಂದು ನೆನಪಿದೆ, ಯಾಕೆಂದರೆ ಸೆಕೆಗೆ ಅಂಗಿ ಬೆನ್ನಿಗಂಟಿತ್ತು. ಆದರೆ ನನ್ನ ಅಂಗಿ ಜೂನ್‌ನಲ್ಲೂ ಅಂಟುತ್ತದೆ. ಟಿವಿಯಲ್ಲಿ ಬರುವ ದೊಡ್ಡ ತಂಡಗಳು ಬೇಸಗೆಯಲ್ಲಿ, ಆಟವೇ ಇಲ್ಲದ ಹೊತ್ತಿನಲ್ಲಿ, ಕರಾರು ಮುಗಿದು ಬಿಡುವಾಗಿರುವ ಆಟಗಾರರನ್ನು ಸೇರಿಸಿಕೊಳ್ಳುತ್ತವೆ. ಅವರನ್ನು ಫ್ರೀ ಏಜೆಂಟರು ಎನ್ನುತ್ತಾರೆ. ಇಳಾ ಅವತ್ತು ಮನೆಗೆ ಬಂದಿದ್ದಳು, ತನ್ನ ಮೆಚ್ಚಿನ ಟಿವಿ ತಂಡದ ಸುದ್ದಿ ನೋಡುತ್ತ ಫೋನಿನಿಂದ ತಲೆ ಎತ್ತಿರಲಿಲ್ಲ. ಇದ್ದಕ್ಕಿದ್ದಂತೆ "ಯೆಸ್! ನಮಗೆ ಥರ್ಡ್ ಲೈನಿಗೆ ಒಬ್ಬ ಸಿಕ್ಕ!" ಎಂದು ಕೂಗಿದಳು.

"ಮೂರನೇ ಲೈನಿಗಾ? ಮೊದಲನೇದಕ್ಕೆ ಯಾಕೆ ತಗೊಳ್ಳಲಿಲ್ಲ?"

"ಬಿಕಾಸ್ ಹಿ ಈಸ್ ಎ ಥರ್ಡ್ ಲೈನ್ ಗೈ."

"ಹಾಗಂತ ಅವನ ಮುಖದ ಮೇಲೇ ಹೇಳಿದಾರಾ?"

"ಅಪ್ಪ, ಹಿ ನೋಸ್."

"ಪಾಪ," ಎಂದೆ. ಬೇಸರವಾಯಿತು. ಒಬ್ಬ ಮನುಷ್ಯನನ್ನು ದೇಶದ ಆಚೆ ತುದಿಯಿಂದ ಹೂಗುಚ್ಛ ಕೊಟ್ಟು ಕರೆಸಿಕೊಂಡು, ನೀನು ಮೂರನೆಯ ದರ್ಜೆ ಎಂದು ಪತ್ರಿಕೆಯಲ್ಲಿ ಹಾಕಿಸುವುದು ಯಾವ ಮರ್ಯಾದೆ? ಇಳಾ ಸಹನೆಯಿಂದ ವಿವರಿಸಿದಳು. ಮೂವರು ಫಾರ್ವರ್ಡುಗಳದ್ದು ಒಂದು ಲೈನು. ಅವರು ಐಸಿಗಿಳಿದು ಒಂದು ನಿಮಿಷವೂ ಆಗುವ ಮೊದಲೇ ದಣಿದು ಬೆಂಚಿಗೆ ಬರುತ್ತಾರೆ, ಇನ್ನು ಮೂವರು ಇಳಿಯುತ್ತಾರೆ. ಹೀಗೆ ನಾಲ್ಕು ಲೈನು. ಮೊದಲ ಲೈನು ಗೋಲು ಹೊಡೆಯುವವರದ್ದು, ಕೊನೆಯದ್ದು ಸುಮ್ಮನೆ ಎದುರಾಳಿಯನ್ನು ಸುಸ್ತು ಮಾಡುವವರದ್ದು. ನನಗೆ ತಲೆಬುಡ ಹತ್ತಲಿಲ್ಲ. ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಹೆಂಡತಿ ಸುಮಿತ್ರ, "ಪಂಕ್ತಿ ಊಟ ಇದ್ದ ಹಾಗೆ ಕಣ್ರೀ. ಒಂದು ಪಂಕ್ತಿ ಏಳತ್ತೆ, ಇನ್ನೊಂದು ಕೂರತ್ತೆ. ಇದರಲ್ಲೇನಿದೆ ಅರ್ಥವಾಗದ್ದು?" ಎಂದಳು. ಥಟ್ಟನೆ ದೀಪ ಹತ್ತಿತು. ಎಂದಾದರೂ ನಿಮಗೆ ಏನಾದರೂ ಥಟ್ಟನೆ ಅರ್ಥವಾದರೆ ಆ ವಿಷಯದಿಂದ ದೂರವಿರಿ ಎಂದಷ್ಟೇ ನಾನು ಹೇಳಬಲ್ಲೆ.

ಸುಮಿತ್ರಳ ಸೂತ್ರ ಹಿಡಿದುಕೊಂಡು ನಾನು ಜನ ಕರೆಯಲು ಹೊರಟೆ. ಮೊದಲು ಪಾಟೀಲರ ಮನೆ. ಪಾಟೀಲರು ಧಾರವಾಡದವರು, ಇಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಕಾಲೇಜಿನಲ್ಲಿ ಹುಲ್ಲಿನ ಮೇಲಿನ ಹಾಕಿ ಆಡಿದವರು, ಹೋದ ಎರಡು ಚಳಿಗಾಲದಿಂದ ಸ್ಕೇಟಿಂಗ್ ಕಲಿತಿದ್ದರು. ಫೋನಿನಲ್ಲಿ ಕರೆದರೆ ಚೆನ್ನಾಗಿರುವುದಿಲ್ಲ ಎಂದು ಒಂದು ಡಬ್ಬಿ ಚಿರೋಟಿ ಹಿಡಿದುಕೊಂಡು ಖುದ್ದಾಗಿ ಹೋದೆ.

"ಬರ್ತೀನಿ ಬಿಡ್ರಿ," ಎಂದರು ಪಾಟೀಲರು. "ಆದ್ರ ಯಾವ ಲೈನಿನ್ಯಾಗ ಹಾಕ್ತೀರಿ ನನ್ನ?"

ಎದುರಿಗೆ ಅವರ ಮನೆಯವರು ಚಹಾ ಹಿಡಿದು ನಿಂತಿದ್ದಾರೆ. ಚಿರೋಟಿ ಕೊಟ್ಟು, ಚಹಾ ಕುಡಿದು, ನಿಮಗೆ ನಾಲ್ಕನೇ ಲೈನು ಎಂದು ಹೇಳುವ ನಾಲಗೆ ನನಗೆ ಇನ್ನೂ ಹುಟ್ಟಿಲ್ಲ. "ಮೊದಲನೇದು ಪಾಟೀಲ್ರೇ, ಇದೇನು ಕೇಳೋ ಮಾತೇ!" ಎಂದೆ. ಹಿಕ್ಸ್‌ವಿಲ್‌ನಲ್ಲಿರುವ ಸುಮಿತ್ರಳ ತಮ್ಮ ಶ್ರೀಕಂಠನನ್ನು ಕರೆದಾಗಲೂ ಹೀಗೇ ಆಯಿತು. ಅವನು ಚೆನ್ನಾಗಿ ಆಡುತ್ತಾನೆ, ಲಾಂಗ್ ಐಲೆಂಡಿನಿಂದ ಸೇತುವೆಗಳನ್ನು ದಾಟಿ ಬರಲೂ ತಯಾರು. ಆದರೆ ನಾನು ಕರೆಯುವಾಗ ಪಕ್ಕದ ಸೋಫಾದಲ್ಲಿ ಅವನ ಷಡ್ಡಕ ಕೂತಿದ್ದರು. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ಹೇಗೆ? "ನೀವೂ ಬರಬೇಕು," ಎಂದುಬಿಟ್ಟೆ. "ನಂಗೆ ಸ್ಕೇಟಿಂಗ್ ಬರಲ್ವಲ್ಲ ಸಾರ್," ಎಂದರು ಷಡ್ಡಕರು. "ಯಾರಿಗೆ ಬರತ್ತೆ, ಬನ್ನಿ," ಎಂದೆ. ಅವರಿಗೂ ಮೊದಲ ಲೈನು. ಬೇಸಗೆ ಮುಗಿಯುವಷ್ಟರಲ್ಲಿ ನಮ್ಮಲ್ಲಿ ನಾಲ್ಕು ಲೈನಿಗಾಗುವಷ್ಟು ಫಾರ್ವರ್ಡುಗಳಿದ್ದರು. ಅಷ್ಟೂ ಜನ ಮೊದಲನೆಯ ಲೈನಿನವರು.

ಸೀಸನ್ನಿಗೆ ಮುಂಚೆ ಪಕ್ಕದೂರಿನ ತಂಡದೊಂದಿಗೆ ಒಂದು ಅಭ್ಯಾಸ ಪಂದ್ಯ ಇಟ್ಟುಕೊಂಡೆವು. ನಾನು ಸಾಲು ಹಾಕಿದ್ದು ಪಂಕ್ತಿ ಊಟದ ಕ್ರಮದಲ್ಲಿಯೇ. ಅತಿಥಿಗಳು, ಹಿರಿಯರು, ದೂರದಿಂದ ಬಂದವರು ಮೊದಲು. ಮನೆಯವರು ಕೊನೆಗೆ. ಮನೆಯವರೆಂದರೆ ನಾನು ಮತ್ತು ಇಳಾ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು ಅವಳೇ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬಡಿಸುವವರು ಮೊದಲ ಪಂಕ್ತಿಯಲ್ಲಿ ಕೂರುವುದನ್ನು ಎಲ್ಲಾದರೂ ನೋಡಿದ್ದೀರಾ? ಆಟ ಶುರುವಾಯಿತು. ಮೊದಲ ಮೂವರು ದಣಿದು ಬೆಂಚಿಗೆ ಬಂದರು. ಬೆಂಚಿನ ಬಾಗಿಲು ತೆರೆಯಿತು.

"ನಡೀರಿ, ನೀವು ಇಳೀರಿ," ಎಂದರು ಪಾಟೀಲರು.

"ಅಯ್ಯೋ, ಹಿರಿಯರು, ಮೊದಲು ನೀವು," ಎಂದ ಶ್ರೀಕಂಠ.

"ಸಾರ್ ಇಳೀಲಿ ಮೊದಲು," ಎಂದರು ಷಡ್ಡಕರು, ನನ್ನ ಕಡೆ ಕೈ ತೋರಿಸುತ್ತ.

"ಛೇ ಛೇ, ನಮ್ಮದೇನು ಅವಸರ," ಎಂದೆ.

ಐಸಿನ ಮೇಲೆ ನಮ್ಮ ಕಡೆಯ ಫಾರ್ವರ್ಡು ಒಬ್ಬರೂ ಇಲ್ಲ. ಗೋಲ್‌ಕೀಪರು ಅಷ್ಟು ದೂರದಿಂದ ಏನೋ ಕೂಗುತ್ತಿದ್ದ; ಊಟಕ್ಕೆ ಕೂತವರನ್ನು ಹಾಗೆ ಕೂಗಬಾರದು. ನಾವು ಬಾಗಿಲಲ್ಲಿ ಉಪಚಾರ ಮುಗಿಸುವುದರೊಳಗೆ ಎದುರಿನವರು ಗೋಲು ಹೊಡೆದು, ತಬ್ಬಿಕೊಂಡು, ನೀರು ಕುಡಿದು ಆಗಿತ್ತು. ಇದು ಅವತ್ತು ಎಷ್ಟು ಸಲ ನಡೆಯಿತೋ ಗೊತ್ತಿಲ್ಲ, ನೆನಪಿನಲ್ಲಿ ಎಲ್ಲ ಸೇರಿ ಒಂದೇ ದೊಡ್ಡ ಗೋಲಾಗಿದೆ. ಇಳಾ ಬೆಂಚಿನ ತುದಿಯಲ್ಲಿ ಗಲ್ಲಕ್ಕೆ ಸ್ಟಿಕ್ಕು ಆನಿಸಿಕೊಂಡು ಕೂತೇ ಇದ್ದಳು. ಅವಳ ಸರದಿ ಬರುವ ಹೊತ್ತಿಗೆ ಪ್ರತಿ ಸಲವೂ ಯಾರೋ ಒಬ್ಬರು "ನಾನಿನ್ನೂ ಆಡಿಲ್ಲ" ಎಂದು ಎದ್ದು ಹೋಗುತ್ತಿದ್ದರು. ಕೊನೆಗೆ ಪಾಟೀಲರಿಗೇ ತಡೆಯಲಾಗಲಿಲ್ಲ. "ಸಾಕು ಮಾಡ್ರಿ ಈ ಉಪಚಾರ! ಇನ್ನ ಮ್ಯಾಲೆ ನಾ ಹೇಳ್ದಂಗ ಇಳೀಬೇಕು, ನಾ ಹೇಳ್ದಂಗ ಏರಬೇಕು," ಎಂದು ಗದರಿದರು. ಆಪರೇಷನ್ನಿಗೆ ಮುಂಚೆ ಜನರಿಗೆ ಅಂಕೆ ಎಣಿಸಲು ಹೇಳಿ ನಿದ್ದೆಗೆ ಕಳಿಸುವ ದನಿ ಅದು. ಎಲ್ಲರೂ ಕೇಳಿದರು.

ಆಟವಾದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನಾವು ಕಾಫಿ ಹಿಡಿದು ಕೂತಿದ್ದಾಗ ಎದುರಿನ ತಂಡದ ಕ್ಯಾಪ್ಟನ್, ಕೇಟ್ ಎಂಬಾಕೆ, ನೇರ ಬಂದು ಇಳಾಳನ್ನು ಕೇಳಿದಳು. ಚಿರೋಟಿಯಿಲ್ಲ, ಕುಶಲ ಪ್ರಶ್ನೆಯಿಲ್ಲ. ನಮಗೆ ಎರಡನೇ ಲೈನಿಗೆ ಸೆಂಟರ್, ಅಂದರೆ ಮೂವರ ನಡುವೆ, ಆಡುವವರು ಬೇಕು, ನೀನು ಬರುತ್ತೀಯಾ ಎಂದಳು. ಇಳಾ ಯೋಚಿಸಿ ಹೇಳುತ್ತೇನೆ ಎಂದಳು. ನಾನು ಒಳಗೊಳಗೇ ನಕ್ಕೆ. ನಮ್ಮ ಮನೆಯ ಹುಡುಗಿಯನ್ನು, ಅದೂ ಎರಡನೇ ಪಂಕ್ತಿಗೆ, ಅವಳ ಅಪ್ಪನ ಎದುರಿಗೇ ಕರೆಯುವುದೆಂದರೆ ಏನು ಧೈರ್ಯ!

ರಾತ್ರಿ ಊಟಕ್ಕೆ ಕೂತಾಗ ಸುಮಿತ್ರ ಕೇಳಿದಳು, "ಊರಲ್ಲಿರೋರನ್ನೆಲ್ಲ ಮನೆ ಮನೆಗೆ ಹೋಗಿ ಕರೆದು ಬಂದ್ರಿ. ಇಳಾನ್ನ ಕರೆದ್ರಾ?"

"ಮನೆಯವಳನ್ನ ಏನೇ ಕರೆಯೋದು? ಮದುವೆಮನೆಯವರು ತಮ್ಮನ್ನ ತಾವೇ ಕರ್ಕೋತಾರಾ?"

"ಅವಳು ಬೇರೆ ಮನೆ ಮಾಡಿ ಎಷ್ಟು ದಿನ ಆಯ್ತು ಅಂತ ನಿಮಗೆ ನೆನಪಿದೆಯಾ?"

ನೆನಪು ಎಂಬ ಮಾತು ಬಂದಾಗಲೆಲ್ಲ ನಾನು ವಿಷಯ ಬದಲಾಯಿಸುತ್ತೇನೆ. ಆ ಸಲ ಆಗಲಿಲ್ಲ. ಮುಂದಿನ ಶನಿವಾರ ಪ್ರಿನ್ಸ್‌ಟನ್‌ಗೆ ಡ್ರೈವ್ ಮಾಡಿ ಅವಳ ಬಾಗಿಲು ತಟ್ಟಿದೆ. ಇಳಾ ಮೊಬೈಲು ಕಿವಿಗಿಟ್ಟುಕೊಂಡೇ ಬಾಗಿಲು ತೆರೆದು, ನನ್ನ ಮುಖ ನೋಡಿ ಫೋನು ಕೆಳಗಿಟ್ಟಳು.

"ಏನಾಯ್ತು? ಅಮ್ಮ ಓಕೆನಾ?"

"ಅಮ್ಮ ಚೆನ್ನಾಗಿದಾಳೆ. ನೀನು ನಮ್ಮ ಟೀಮಲ್ಲಿ ಆಡಬೇಕು. ಕರೆಯೋಕೆ ಅಂತ ಬಂದೆ."

ಅವಳು ಕುರ್ಚಿ ಎಳೆದು ಕೂತಳು. "ಅಪ್ಪ, ಐ ಆಲ್ರೆಡಿ ಟೋಲ್ಡ್ ಕೇಟ್ ಯೆಸ್."

"ಅವಳು ಬಾಯಿಬಿಟ್ಟು ಕರೆದಳು ಅಂತಾನಾ?"

"ಕರೆದಳು ಅಂತ ಅಷ್ಟೇ ಅಲ್ಲ. ನಾನು ಎಲ್ಲಿ ಆಡ್ತೀನಿ ಅಂತ ಹೇಳಿದಳು. ಅಲ್ಲಿ ನನ್ನ ಜಾಗ ಯಾವುದು ಅಂತ ನಂಗೆ ಗೊತ್ತು. ನೀನು ಎಲ್ಲಾರ್ಗೂ ಫಸ್ಟ್ ಲೈನ್ ಕೊಟ್ಟೆ. ನಂಗೆ ಬೆಂಚು."

"ಅವರೆಲ್ಲ ಹೊರಗಿನವರು ಕಣೇ! ನೀನು ನಮ್ಮವಳು ಅಂತ..."

"ಐ ನೋ, ಅಪ್ಪ. ಅದಕ್ಕೇ ಸಿಟ್ಟು ಬರ್ಲಿಲ್ಲ. ಆದ್ರೆ ನಂಗೆ ಆಡ್ಬೇಕು."

ನನ್ನ ನೆನಪಿನಲ್ಲಿ ಇಷ್ಟು ಹೇಳಿ ಅವಳು ನಕ್ಕಳು. ಅವಳ ಪ್ರಕಾರ ನಕ್ಕದ್ದು ನಾನು, ಅದೂ ಅಷ್ಟೇನೂ ನಗುವಲ್ಲ. ಆಮೇಲೆ ಅವಳು ಮಾಡಿಕೊಟ್ಟ ಕಾಫಿಯನ್ನು ನಾನು ಕುಡಿದೆನೋ ಬಿಟ್ಟೆನೋ ಅದೂ ಖಾತ್ರಿಯಿಲ್ಲ. ಬಾಗಿಲ ತನಕ ಬಂದು ಬೆನ್ನು ತಟ್ಟಿದಳು. "ಲುಕ್, ನಿನಗೀಗ ಅಷ್ಟು ಜನ ಇದಾರೆ. ನಾನು ಹೋದ್ರೆ ಗೊತ್ತೂ ಆಗಲ್ಲ. ದಟ್ಸ್ ಡೆಪ್ತ್. ಯು ಡಿಡ್ ಇಟ್!" ಎಂದಳು. ಅದು ಹೊಗಳಿಕೆ ಎಂದು ತಿಳಿಯಲು ನನಗೆ ಮನೆಗೆ ಮರಳುವ ರೂಟ್ ಒನ್ ಹೆದ್ದಾರಿಯ ಸಿಗ್ನಲ್ಲುಗಳೆಲ್ಲ ಬೇಕಾದವು. ಹೊಗಳಿಕೆ ಹೌದೋ ಅಲ್ಲವೋ ಎಂದು ಇವತ್ತಿಗೂ ಯೋಚಿಸುತ್ತಿದ್ದೇನೆ.

ಸೀಸನ್ನಿನ ಮೊದಲ ಆಟವೇ ಕೇಟಳ ತಂಡದ ಮೇಲೆ ಬಂತು. ಪಾಟೀಲರ ಉಸ್ತುವಾರಿಯಲ್ಲಿ ನಮ್ಮವರು ಚೆನ್ನಾಗಿಯೇ ಏರುತ್ತ ಇಳಿಯುತ್ತ ಇದ್ದರು. ನನ್ನ ಸರದಿ ಬಂದು ಇಳಿದೆ. ರೆಫರಿ ಪಕ್ಕು ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಬಗ್ಗಿದ್ದ. ಎದುರಿಗೆ ಬೇರೆ ಬಣ್ಣದ ಜೆರ್ಸಿಯಲ್ಲಿ ಇಳಾ. ಅವಳನ್ನು ತಡೆಯಬೇಕಾದವನು ನಾನು. ಆ ಬಣ್ಣ ಅವಳಿಗೆ ಒಪ್ಪುತ್ತದೆ ಎನ್ನಿಸಿತು.

"ತಿಂಡಿ ಆಯ್ತಾ?" ಎಂದು ಕೇಳಿದೆ.

"ಅಪ್ಪ, ನಾಟ್ ನೌ."

ಪಕ್ಕು ಬಿತ್ತು. ಅವಳು ನನ್ನ ಎಡಗಡೆಯಿಂದ ಹೋದಳು, ಅಥವಾ ಬಲಗಡೆಯಿಂದ. ನಾನು ತಿರುಗುವಷ್ಟರಲ್ಲಿ ಗೋಲಾಗಿತ್ತು. ಬೆಂಚಿಗೆ ಬಂದರೆ ಪಾಟೀಲರು, "ಆಕಿನ್ನ ಯಾರು ಹಿಡೀಬೇಕಿತ್ತು?" ಎಂದರು.

"ನಾನೇ."

"ಆತು, ನೀವಿನ್ನ ಆರಾಮ ಕೂಡ್ರಿ. ನಮ್ಮಲ್ಲಿ ಮಂದಿ ಭಾಳ ಅದಾರ."

ನಾನೇ ಚಿರೋಟಿ ಕೊಟ್ಟು ಕರೆತಂದ ಮಂದಿ ಒಬ್ಬರಾದ ಮೇಲೊಬ್ಬರು ನನ್ನ ಮೊಣಕಾಲು ದಾಟಿಕೊಂಡು ಇಳಿದರು, ಏರಿದರು. ಷಡ್ಡಕರು ಕೂಡ ಬೀಳದೆ ಎರಡು ಸಲ ಹೋಗಿಬಂದರು. ನಾನು ಕೂತಿದ್ದೆ. ನಾನು ಆಟಕ್ಕಿಳಿದ ಮೇಲೆ ಇಳಾ ಆಡುವುದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಐಸಿನ ಮೇಲೆ ನನ್ನ ಕಣ್ಣು ನನ್ನ ಕಾಲಿನ ಮೇಲೇ ಇರುತ್ತಿತ್ತು. ಈಗ ಪೂರ್ತಿ ಕಂಡಳು. ಮೂವರ ನಡುವೆ ನುಸುಳಿ, ತಲೆ ಎತ್ತಿ, ಯಾರು ಎಲ್ಲಿದ್ದಾರೆಂದು ಒಂದು ಕ್ಷಣ ನೋಡಿ, ಪಕ್ಕನ್ನು ಅವರ ಸ್ಟಿಕ್ಕಿಗೇ ಮುಟ್ಟಿಸುತ್ತಾಳೆ. ಇನ್ನೊಂದು ಗೋಲಾಯಿತು, ನಮ್ಮ ಮೇಲೆ. ಹಾಕಿಯ ಕೈಗವಸು ತಲೆದಿಂಬಿನಷ್ಟು ದಪ್ಪ ಇರುತ್ತದೆ. ಅದನ್ನು ತೊಟ್ಟು ಎಷ್ಟು ಚಪ್ಪಾಳೆ ತಟ್ಟಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ.

ಪಾಟೀಲರು ಮಾತ್ರ ನೋಡಿದರು. "ಯಾಕ್ರೀ, ಕೈಗೆ ಥಂಡಿ ಆತೇನು?"

"ಹೌದು ಪಾಟೀಲ್ರೇ," ಎಂದೆ. "ಇವತ್ತು ಸ್ವಲ್ಪ ಜಾಸ್ತಿ."