ಚಪ್ಪಲಿ ಡಬ್ಬಿಯ ಬಾಣಂತನ

ದನದ ಡಾಕ್ಟರ ಮನೆಯೆಂದರೆ ಅರ್ಧ ಧರ್ಮಶಾಲೆ. ನಾನು ಯಲ್ಲಾಪುರಕ್ಕೆ ಬಂದಾಗಿನಿಂದ, ಆಸ್ಪತ್ರೆಗೆ ಬೀಗ ಹಾಕಿದ ಮೇಲೂ ರೋಗಿಗಳು ಮನೆ ಹುಡುಕಿಕೊಂಡು ಬರುವುದು ನಿಂತಿಲ್ಲ. ಕುಂಟುವ ಕರು, ಹೊಟ್ಟೆಯುಬ್ಬಿದ ಆಡು, ಅರಬೈಲ್ ಘಟ್ಟದಲ್ಲಿ ಬೈಕಿಗೆ ಸಿಕ್ಕ ನಾಯಿ, ಎಲ್ಲವೂ ನಮ್ಮ ಜಗುಲಿ ಕಂಡಿವೆ. ಆದರೆ ಜಗುಲಿ ದಾಟಿ ಒಳಗೆ ಬಂದ ರೋಗಿಗಳು ಐದೇ. ಅವನ್ನು ಒಳಗೆ ಕರೆದವಳು ನಾನಲ್ಲ. ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ನನ್ನ ಅತ್ತೆ.

ಹಕ್ಕಿ

ನಮ್ಮ ಹಿಂದಿನ ಬೀದಿಯಲ್ಲಿ ಲಾರಿ ಡ್ರೈವರೊಬ್ಬರ ಹೆಂಡತಿ ನಾಟಿ ಕೋಳಿ ಸಾಕುತ್ತಾರೆ. ಇಡೀ ಬೀದಿಗೆ ಅವರು ಆಪಾ, ಅಂದರೆ ಅಕ್ಕ. ಮದುವೆಯಾಗಿ ಬರುವಾಗ ಅವರ ತಾಯಿ ಒಂದು ಹೇಂಟೆ ಕೊಟ್ಟು ಕಳಿಸಿದ್ದರಂತೆ. ತಾಯಿ ಈಗಿಲ್ಲ, ಆ ಹೇಂಟೆಯ ವಂಶ ಮಾತ್ರ ಹಿತ್ತಿಲಲ್ಲಿ ಬೆಳೆಯುತ್ತಾ ಬಂದಿತ್ತು. ಈ ಸಲ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಗೂಡಿಗೆ ಗೂಡೇ ಖಾಲಿಯಾಯಿತು. ಬಚಾವಾದದ್ದು ಇಡಗುಂದಿಯಲ್ಲಿ ಆಪಾರ ತಂಗಿಯ ಮನೆಯ ಕೋಳಿಯ ಕೆಳಗೆ ಕಾವಿಗಿಟ್ಟಿದ್ದ ಮೊಟ್ಟೆಗಳಷ್ಟೇ. ಅವುಗಳಲ್ಲಿ ಐದು ಒಡೆದು ಮರಿಯಾದವು, ಐದೂ ಕುಟುಕು ಜೀವ. ಕಾವು ಕೊಟ್ಟ ಕೋಳಿಯೂ ಅವನ್ನು ಹತ್ತಿರ ಸೇರಿಸಲಿಲ್ಲ.

ಆಪಾ ಅವನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ತಂದರು. "ಡಾಕ್ಟ್ರಮ್ಮಾ, ಇವೂ ಹೋದ್ರ ನಮ್ಮ ಅಮ್ಮಿ ಕೊಟ್ಟಿದ್ದು ಮುಗದಂಗ್ರಿ" ಎಂದವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಅತ್ತೆ ಬಂದು, "ಎಂತ ಅದು?" ಎಂದರು.

ಆಪಾ ನಮ್ಮ ಮನೆಯ ರೀತಿ ಬಲ್ಲವರು. ಒಮ್ಮೆ ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ, "ಹಕ್ಕಿರಿ ಅಮ್ಮಾ" ಎಂದುಬಿಟ್ಟರು.

ಅತ್ತೆ ಡಬ್ಬಿಯೊಳಗೆ ಬಗ್ಗಿ ನೋಡಿದರು. ತಲೆ ಹಣ್ಣಾಗುವ ತನಕ ಬದುಕಿದವರಿಗೆ ಕೋಳಿಮರಿಯ ಗುರುತು ಸಿಗುವುದಿಲ್ಲವೇ? ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನನ್ನೇ ಗದರಿದರು. "ಹಕ್ಕಿ ಆದ್ರೆ ಒಳಗೆ ಬಪ್ಲೆ ಅಡ್ಡಿಲ್ಲೆ. ನೀ ಎಂತಕ್ಕೆ ಬಾಗ್ಲಿಗೆ ಅಡ್ಡ ನಿಂತಿದ್ದೆ?"

ಟೋಪಿ

ಇಂಥ ಮರಿಗಳು ಹಸಿವೆಗಿಂತ ಮೊದಲು ಚಳಿಗೆ ಸಾಯುತ್ತವೆ. ಡಬ್ಬಿಯ ಮೇಲೆ ಬಲ್ಬು ಇಳಿಬಿಟ್ಟೆ, ಬೆಲ್ಲದ ನೀರನ್ನು ಕೊಕ್ಕಿಗೆ ತಾಗಿಸುವುದನ್ನು ತೋರಿಸಿಕೊಟ್ಟೆ. ಅದರಾಚೆ ನನಗೆ ಭರವಸೆಯಿರಲಿಲ್ಲ. ಅತ್ತೆಗೆ ಅದಿತ್ತು, ಮೂಟೆಗಟ್ಟಲೆ.

ಮರುದಿನ ಬೆಳಗ್ಗೆ ಕರೆಂಟು ಹೋಯಿತು. ವಾಕಿಂಗಿಗೆ ಹೊರಟ ನನ್ನ ಗಂಡ ಉಣ್ಣೆಯ ಟೋಪಿಗಾಗಿ ಮನೆಯೆಲ್ಲ ತಡಕಾಡಿದರು. ಕೊನೆಗೆ ಅದು ಸಿಕ್ಕಿದ್ದು ಅತ್ತೆಯ ಮಡಿಲಲ್ಲಿ. ಕೆಳಗೆ ಅವರ ಮಂಡಿನೋವಿನ ಬಿಸಿನೀರಿನ ಚೀಲ, ಮೇಲೆ ಟೋಪಿ, ಟೋಪಿಯೊಳಗೆ ಐದು ಕೊಕ್ಕು.

"ಆಯಿ, ಅದು ನನ್ನ ಟೋಪಿ" ಎಂದರು ಇವರು, ಬೋಳುತಲೆ ಸವರಿಕೊಳ್ಳುತ್ತಾ.

ಅತ್ತೆ ಆ ತಲೆಯನ್ನೂ ಟೋಪಿಯನ್ನೂ ನೋಡಿ ತೀರ್ಪು ಕೊಟ್ಟರು: "ನಿನ್ನ ತಲೆಲಿ ಇನ್ನೆಂತೂ ಹುಟ್ತಿಲ್ಲೆ. ಇವಕ್ಕೆ ಪುಕ್ಕ ಬರವು."

ಬಿರುದು

ತಾಯಿ ಕುಕ್ಕಿ ತೋರಿಸದಿದ್ದರೆ ಸೊರಗಿದ ಮರಿಗೆ ಕಾಳು ಹೆಕ್ಕುವುದೇ ತಿಳಿಯುವುದಿಲ್ಲ ಎಂದು ನಾನು ಮಾತಿಗೆ ಹೇಳಿದ್ದೆ. ಆಸ್ಪತ್ರೆಯಿಂದ ಬಂದು ನೋಡಿದರೆ ಅತ್ತೆ ನೆಲಕ್ಕೆ ಬಗ್ಗಿ, ಪೇಪರಿನ ಮೇಲೆ ಚೆಲ್ಲಿದ ನುಚ್ಚಿನ ನಡುವೆ ಉಗುರಿನಿಂದ ಟುಕ್ ಟುಕ್ ಎಂದು ಕುಟ್ಟುತ್ತಿದ್ದಾರೆ. ಎದುರಿಗೆ ನಾಲ್ಕು ಮರಿಗಳು ಅವರ ಬೆರಳನ್ನೇ ನೋಡುತ್ತಾ ತಾವೂ ಕುಟ್ಟುತ್ತಿವೆ.

"ಅತ್ತೆ, ಬೆನ್ನು ನೋಯ್ತಿಲ್ಯಾ?"

"ಮಾತಾಡ್ಸಡ. ಪಾಠ ನಡೀತಾ ಇದ್ದು."

ಮರಿಗಳನ್ನು ನೋಡಲು ಬಂದಿದ್ದ ಆಪಾ ಬಾಗಿಲಲ್ಲೇ ನಿಂತುಬಿಟ್ಟರು. "ಅಮ್ಮಾ, ಹೆತ್ತ ಕೋಳೀನೂ ಇಷ್ಟು ಮಾಡಾಂಗಿಲ್ರಿ" ಎಂದರು.

ನನಗೂ ಅದೇ ಅನಿಸಿತು. ಕಾಲೇಜಿನಲ್ಲಿ ಓದಿ ಬಂದದ್ದನ್ನು ನಾನು ಹೇಳಬಲ್ಲೆ, ಇಷ್ಟು ಹೊತ್ತು ಬಗ್ಗಿರಲು ನನ್ನಿಂದಾಗದು. ಅತ್ತೆಯ ಮುಖ ಅರಳಿತು. ಜನ್ಮದಲ್ಲಿ ಅಂಥ ಬಿರುದು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಕಷ್ಟವೆಂದರೆ ಅದನ್ನು ನೆಂಟರ ಮುಂದೆ ಹೇಳಿಕೊಳ್ಳುವಂತಿರಲಿಲ್ಲ, ಬಿರುದಿನ ಒಳಗೆ ಕೋಳಿ ಇತ್ತು.

ಮನ್ಮನೆಯಿಂದ ಬಂದ ಲೇಹ್ಯ

ಐದನೆಯದು ಮಾತ್ರ ಏಳಲಿಲ್ಲ. ಕಾಲೆರಡೂ ಅತ್ತ ಇತ್ತ ಜಾರಿ ಹೊಟ್ಟೆಯ ಮೇಲೇ ಬಿದ್ದಿರುತ್ತಿತ್ತು. ನಾನು ಪ್ಲಾಸ್ಟರಿನ ಪಟ್ಟಿಯಿಂದ ಎರಡೂ ಕಾಲನ್ನು ಹತ್ತಿರ ಹಿಡಿಸಿ ಕಟ್ಟಿದೆ. ಮನಸ್ಸಿನಲ್ಲಿ ಅದರ ಆಸೆ ಬಿಟ್ಟಿದ್ದೆ. ಅತ್ತೆ ಬಿಡಲಿಲ್ಲ. ಇದೂ ಉಳಿದರೇ ಆಪಾಗೆ ಮುಖ ತೋರಿಸುವುದು ಎಂದು ಹಟ ಹಿಡಿದರು.

ಆ ದಿನಗಳಲ್ಲೇ ಮನ್ಮನೆ ಎಂಬ ಊರಲ್ಲಿರುವ ಅವರ ತಂಗಿ, ನನ್ನ ಚಿಕ್ಕತ್ತೆಯ ಫೋನು ಬಂತು. ತಂಗಿಯ ಹತ್ತಿರ ಕೋಳಿ ಎನ್ನುವುದು ಹೇಗೆ? ಅತ್ತೆ ಆ ಒಂದು ಶಬ್ದ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು. "ಪುರುಸೊತ್ತಿಲ್ಲೆ ಮಾರಾಯ್ತಿ, ಮನೇಲಿ ಬಾಣಂತನ. ಮರಿ ಭಾರೀ ಸಣ್ಣ. ಬೆಲ್ಲದ ನೀರೊಂದೇ ಕುಡಿತು. ಕಾಲು ಬೇರೆ ಸರಿ ಇಲ್ಲೆ."

ಎರಡು ದಿನ ಕಳೆದು ಚಿಕ್ಕತ್ತೆ ನಮ್ಮ ಗೇಟು ತೆರೆದರು. ಒಂದು ಕೈಯಲ್ಲಿ ಬಾಣಂತಿ ಲೇಹ್ಯದ ಡಬ್ಬ, ಇನ್ನೊಂದರಲ್ಲಿ ಹಳೆಯ ಹತ್ತಿ ಸೀರೆಯ ಗಂಟು. ಕಾಲೇಜಿಗೆ ಹೋಗುವ ಮಗಳ ತಾಯಿಯಾದ ನಾನು ಸ್ಕೂಟರ್ ಒರೆಸುತ್ತಾ ನಿಂತಿದ್ದೆ. ಅವರು ನನ್ನನ್ನು ಕಂಡು ಗಾಬರಿಯಿಂದ, "ತಂಗಿ, ಎದ್ದು ತಿರುಗಾಡ್ತಾ ಇದ್ಯಲೇ! ತಲೆಗೆ ಬಟ್ಟೆ ಕಟ್ಕಂಡಿದ್ದಿಲ್ಯಾ? ಮರಿ ಎಲ್ಲಿ?" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆಗೆ ತಕ್ಷಣ ತಿಳಿಯಿತು. ಚಪ್ಪಲಿ ಡಬ್ಬಿ ತಂದು ಮುಂದಿಟ್ಟರು. ಚಿಕ್ಕತ್ತೆ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

ಆಗ ಆ ಮರಿ, ನಾನು ಆಸೆ ಬಿಟ್ಟಿದ್ದ ಮರಿ, ಹೊಸ ಮುಖ ಕಂಡು ಬೆದರಿತೋ ಏನೋ, ಕಟ್ಟಿದ ಕಾಲ ಮೇಲೆ ತೂರಾಡುತ್ತಾ ಎದ್ದು ನಿಂತಿತು. ಅತ್ತೆಯ ಕಣ್ಣಲ್ಲಿ ನೀರು. ನಾನು ಆಪಾಗೆ ಫೋನು ಮಾಡಲು ಓಡಿದೆ.

ವಾಪಸು ಬಂದಾಗ ಅಕ್ಕತಂಗಿಯರು ಅಕ್ಕಪಕ್ಕ ಕೂತಿದ್ದರು. ಚಿಕ್ಕತ್ತೆಗೆ ಸಿಟ್ಟು ಇಳಿದು ಚಿಂತೆ ಹಿಡಿದಿತ್ತು.

"ಬಾಣಂತನಕ್ಕೆ ಹೋಗ್ತಾ ಇದ್ದಿ ಹೇಳಿ ಕೇರಿಗೆಲ್ಲ ಹೇಳಿಕ್ಕಿ ಬಂದಿದ್ದಿ. ವಾಪಸ್ ಹೋದ ಕೂಡ್ಲೇ ಗಂಡೋ ಹೆಣ್ಣೋ ಕೇಳ್ತ. ಎಂತ ಹೇಳದು?"

ಅತ್ತೆ ಮರಿಯ ಕೊಕ್ಕಿಗೆ ಬೆಲ್ಲದ ನೀರು ತಾಗಿಸುತ್ತಾ ತಲೆಯೆತ್ತದೆ ಹೇಳಿದರು: "ಈಗ್ಲೇ ಗೊತ್ತಾಗ್ತಿಲ್ಲೆ ಹೇಳು. ಕೂಗಿರೆ ಗಂಡು."