ಪುಟ್ಟಲಿಂಗಯ್ಯನ ಬಲಗೈ

ಜಯಕುಮಾರ ಆವತ್ತು ಇನ್ನೊಂದು ರೂಪಾಯಿ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಹಾರೋಹಳ್ಳಿ ಬಸ್ ನಿಲ್ದಾಣದ ಕಾಯಿನ್ ಬೂತಿನಿಂದ ಮರಳವಾಡಿಯ ಕೆಂಪಯ್ಯನ ಮನೆಗೆ ಫೋನು ಮಾಡಿ, "ನಾಳೆ ಹನ್ನೊಂದಕ್ಕೆ ಇನ್ಷೂರೆನ್ಸ್ ಆಫೀಸರು ಪುಟ್ಟಲಿಂಗಯ್ಯಣ್ಣನ ಕೈ ನೋಡಕ್ಕೆ ಬತ್ತಾರೆ, ಮನೇಲೇ ಇರಕ್ಕೇಳಣ್ಣ" ಅನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಜೇಬಿನಲ್ಲಿ ಇನ್ನೊಂದು ನಾಣ್ಯವೇನೋ ಇತ್ತು. ಹೇಳಬೇಕಾದ್ದು ಹೇಳಿದ್ದಾಯಿತಲ್ಲ ಅಂತ ಅದರಲ್ಲಿ ಕಡ್ಲೆಕಾಯಿ ಕೊಂಡು ತಿಂದ.

ಜಯಕುಮಾರ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಲೇತ್ ಮೆಷೀನು ನಡೆಸಿದವನು. ಲಕ್ವ ಹೊಡೆದವರ ಬೆರಳು ಮುದುರಿಕೊಂಡರೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ ಎಂಬುದು ಅವನ ತಲೆಯಲ್ಲಿ ಹುಳದಂತೆ ಹೊಕ್ಕಿತ್ತು. ಅದಕ್ಕೇ ಅವನೊಂದು ಯಂತ್ರ ಮಾಡಿದ: ಮುಂಗೈಗೆ ಕಟ್ಟುವ ಒಂದು ಅಲ್ಯೂಮಿನಿಯಂ ಪಟ್ಟಿ, ಬೆರಳಿಗೊಂದು ಉಂಗುರ, ಉಂಗುರಕ್ಕೊಂದು ಸ್ಪ್ರಿಂಗು. ರೋಗಿ ಬೆರಳು ಮಡಚಬೇಕು, ಸ್ಪ್ರಿಂಗು ಅದನ್ನು ಬಿಡಿಸಬೇಕು, ಬೆಳಿಗ್ಗೆ ನೂರು ಸಲ, ಸಾಯಂಕಾಲ ನೂರು ಸಲ. ಅದಕ್ಕೆ ಅವನಿಟ್ಟ ಹೆಸರು ಹಸ್ತಮಿತ್ರ. ಮರಳವಾಡಿಯವರು ಅದನ್ನು ಗಿರಗಿಟ್ಲೆ ಅಂದರು.

ಆ ಗಿರಗಿಟ್ಲೆಯನ್ನು ನಂಬಿ ಅವನು ಪರ್ಮನೆಂಟ್ ಕೆಲಸ ಬಿಟ್ಟ, ಶೆಡ್ಡು ಬಾಡಿಗೆಗೆ ಹಿಡಿದ, ಸ್ಪ್ರಿಂಗು ಜೋಡಿಸಲು ನಾಲ್ಕು ಹೆಂಗಸರನ್ನು ಇಟ್ಟುಕೊಂಡ. ಅದನ್ನು ಹೊಗಳದ ಡಾಕ್ಟರಿಲ್ಲ, ಕೊಂಡ ಡಾಕ್ಟರೂ ಇಲ್ಲ. ಕನಕಪುರದ ಡಾಕ್ಟರೊಬ್ಬರು ಮಾತ್ರ ಬಿಡಿಸಿ ಹೇಳಿದ್ದರು. ಇನ್ಷೂರೆನ್ಸ್ ಕಂಪನಿಯ ಪಟ್ಟಿಯಲ್ಲಿ ಇದರ ಹೆಸರು ಬರಲಿ, ನಾಳೆಯೇ ಐವತ್ತು ತೆಗೆದುಕೊಳ್ಳುತ್ತೇನೆ, ಪಟ್ಟಿಯಲ್ಲಿಲ್ಲದ್ದನ್ನು ಸ್ವಂತ ದುಡ್ಡಲ್ಲಿ ಕೊಳ್ಳಿ ಅಂತ ರೋಗಿಗಳಿಗೆ ಯಾವ ಬಾಯಿಂದ ಹೇಳಲಿ ಅಂತ. ಒಂದೂವರೆ ವರ್ಷ ಕಾಗದ ಬರೆದ ಮೇಲೆ ಈಗ ಒಬ್ಬ ಆಫೀಸರು ಬರುತ್ತಿದ್ದಾರೆ. ಅವರು ಸರಿಯಾಗಿದೆ ಅಂತ ಬರೆದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಊದುಬತ್ತಿಯವನೊಬ್ಬ ಆಗಲೇ ಬಂದು ಶೆಡ್ಡನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಹೋಗಿದ್ದ. ಆ ಹೆಂಗಸರಿಗೆ ಜಯಕುಮಾರ ಇದಾವುದನ್ನೂ ಹೇಳಿರಲಿಲ್ಲ, ಸೋಮವಾರ ಬೇಗ ಬನ್ನಿ ಅಂತಷ್ಟೇ ಹೇಳಿದ್ದ.

ಅವನ ಧೈರ್ಯವೆಲ್ಲ ಪುಟ್ಟಲಿಂಗಯ್ಯನ ಬಲಗೈಯಲ್ಲಿತ್ತು. ಮರಳವಾಡಿಯಲ್ಲಿ ಕುರಿ ಸಾಕಿಕೊಂಡಿದ್ದ ಪುಟ್ಟಲಿಂಗಯ್ಯನಿಗೆ ಲಕ್ವ ಹೊಡೆದು, ಬಲಗೈ ಸೀಬೆಕಾಯಿಯಂತೆ ಗಂಟಾಗಿತ್ತು. ಜಯಕುಮಾರ ಎಂಟು ತಿಂಗಳು ಭಾನುವಾರ ಭಾನುವಾರ ಬಂದು ಸ್ಪ್ರಿಂಗು ಬಿಗಿ ಮಾಡಿ, ಸಡಿಲ ಮಾಡಿ, ಮಗುವಿಗೆ ತುತ್ತು ಕಲಿಸಿದ ಹಾಗೆ ಆ ಕೈಗೆ ಕೆಲಸ ಕಲಿಸಿದ್ದ. ಈಗ ಪುಟ್ಟಲಿಂಗಯ್ಯ ಮುದ್ದೆ ಮುರಿದು ಉಣ್ಣುತ್ತಿದ್ದ, ಕುರಿ ಉಣ್ಣೆ ಕತ್ತರಿಸುತ್ತಿದ್ದ.

ಇತ್ತ ಫೋನು ಇಟ್ಟ ಕೆಂಪಯ್ಯ ಒಂದು ಗಳಿಗೆಯೂ ಕೂರಲಿಲ್ಲ. ಆಫೀಸರುಗಳ ವಿಷಯದಲ್ಲಿ ಊರಿಗೇ ಅವನು ಪಂಡಿತ. ಬೆಳೆ ಪರಿಹಾರವಿರಲಿ, ಹಸುವಿನ ವಿಮೆಯಿರಲಿ, ಅಂಗವಿಕಲರ ಪಿಂಚಣಿಯಿರಲಿ, ನೋಡಲು ಬಂದವರಿಗೆ ಚೆನ್ನಾಗಿರುವುದನ್ನು ತೋರಿಸಬಾರದು ಎಂಬುದು ಅವನ ಶಾಸ್ತ್ರ. ಆ ಶಾಸ್ತ್ರದಿಂದ ಊರಿನ ಎಷ್ಟೋ ಜನಕ್ಕೆ ಒಳ್ಳೆಯದಾಗಿತ್ತು. ಅವನು ನೆಟ್ಟಗೆ ಪುಟ್ಟಲಿಂಗಯ್ಯನ ಮನೆಗೆ ಹೋಗಿ, "ಲೇ ಪುಟ್ಟಲಿಂಗ, ನಾಳೆ ನೀನು ಎದ್ದೆಯೋ ಕೆಟ್ಟೆ" ಅಂದ.

ಮರುದಿನ ಬಸ್ಸಿಳಿದ ಆಫೀಸರ್ ಶ್ರೀನಿವಾಸ್ ಒಳ್ಳೆಯ ಮನುಷ್ಯ. ಕರೆದೊಯ್ಯಲು ಬಂದಿದ್ದ ಜಯಕುಮಾರನ ಕಾಫಿಯ ದುಡ್ಡನ್ನೂ ತಾವೇ ಕೊಟ್ಟರು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ, ಅದರಾಚೆ ಒಂದಕ್ಷರವಿಲ್ಲ ಅಂದರು. ಜಯಕುಮಾರನಿಗೆ ಬೇಕಾದ್ದೂ ಅದೇ.

ಆದರೆ ಪುಟ್ಟಲಿಂಗಯ್ಯನ ಮನೆ ಮುಂದೆ ಸಾವಿನ ಮನೆಯಷ್ಟು ಜನ ಸೇರಿದ್ದರು. ಜಗುಲಿಯ ಮೇಲೆ ಹಗ್ಗದ ಮಂಚ, ಮಂಚದ ಮೇಲೆ ಆ ಸುಡುಬಿಸಿಲಲ್ಲಿ ಕರೀ ಕಂಬಳಿ ಹೊದ್ದು ಪುಟ್ಟಲಿಂಗಯ್ಯ. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಒಣಗಿದ ಹೀರೆಕಾಯಿಯಂತೆ ಮಂಚದಿಂದ ಕೆಳಗೆ ಜೋತಾಡುತ್ತಿತ್ತು. ಕೈ ಒಂದೇ ಆದರೆ ಸಾಲದು ಅಂತ ಕೆಂಪಯ್ಯ ಕಾಲಿಗೂ ಬಟ್ಟೆ ಸುತ್ತಿಸಿದ್ದ. ಹೆಂಡತಿ ಕೃಷ್ಣಮ್ಮ ತಲೆ ಕೆದರಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದಳು.

ಭಾನುವಾರ ತಾನೇ ಈ ಮನುಷ್ಯ ಜಯಕುಮಾರನ ಜೊತೆ ಪಂಜ ಕುಸ್ತಿ ಹಿಡಿದು ಗೆದ್ದಿದ್ದ. ಬೇಡ ಬೇಡ ಅಂತ ಜಯಕುಮಾರ ಆಫೀಸರ ಬೆನ್ನ ಹಿಂದಿನಿಂದ ಕೆಂಪಯ್ಯನಿಗೆ ಕೈಸನ್ನೆ ಮಾಡಿದ. ಇನ್ನೂ ಸಾಲದು ಅನ್ನುತ್ತಿದ್ದಾನೆ ಅಂದುಕೊಂಡ ಕೆಂಪಯ್ಯ ಮುಂದೆ ಬಂದ.

ಶ್ರೀನಿವಾಸ್ ಫಾರಮ್ಮು ತೆಗೆದು, ಯಂತ್ರ ಕಟ್ಟುವುದಕ್ಕೆ ಮುಂಚೆ ರೋಗಿ ಹೇಗಿದ್ದರು ಅಂತ ಕೇಳಿದರು.

"ಮುಂಚೆ ಕೈ ಒಂದು ಹೋಗಿತ್ತು ಸ್ವಾಮಿ, ಮಿಕ್ಕಿದ್ದೆಲ್ಲ ಚೆನ್ನಾಗೇ ಇತ್ತು" ಅಂದ ಕೆಂಪಯ್ಯ.

"ಈಗ?"

"ಈಗ ಕಾಲೂ ಹೋಗೈತೆ. ಮಾತೂ ನಿಂತೋಯ್ತು. ಒಸಿ ದಿನದಿಂದ ಕಣ್ಣೂ ಅಷ್ಟಕ್ಕಷ್ಟೇಯ."

ಸೇರಿದ್ದವರು ತಮ್ಮ ಪಾಲಿನದನ್ನೂ ಸೇರಿಸಿದರು. ಒಬ್ಬ ಊಟ ಸೇರಲ್ಲ ಅಂದ, ಇನ್ನೊಬ್ಬ ನಿದ್ದೆಯಿಲ್ಲ ಅಂದ. ಯಾರೋ ಮುದುಕಿ, ಗಿರಗಿಟ್ಲೆ ಕಟ್ಟಿದ ಮೇಲೆ ಎರಡು ಕುರಿಯೂ ಸತ್ತವು ಅಂದಳು. ಶ್ರೀನಿವಾಸ್ ಪ್ರತಿಯೊಂದನ್ನೂ ತಾಳ್ಮೆಯಿಂದ ಬರೆದುಕೊಂಡರು, ಕುರಿಯೊಂದನ್ನು ಬಿಟ್ಟು. ಆಮೇಲೆ ಕನ್ನಡಕದ ಮೇಲಿಂದ ಜಯಕುಮಾರನನ್ನು ನೋಡಿ, ಇದನ್ನು ಇನ್ನೂ ಎಷ್ಟು ಜನಕ್ಕೆ ಕಟ್ಟಿದ್ದೀರಿ ಅಂತ ಮೆತ್ತಗೆ ಕೇಳಿದರು. ಪೊಲೀಸರೂ ಹಾಗೇ ಮೆತ್ತಗೆ ಕೇಳುತ್ತಾರೆ.

ಜಯಕುಮಾರ ಕೃಷ್ಣಮ್ಮನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಇವ್ರು ದುಡ್ಡು ಕೊಡಕ್ಕೆ ಬಂದಿಲ್ಲ. ಅಣ್ಣನ ಕೈ ವಾಸಿಯಾಗೈತೆ ಅಂತ ತೋರಿಸಿದ್ರೆ ನನ್ ಶೆಡ್ಡು ಉಳೀತದೆ. ಒಂದ್ ಮಾತು ಹೇಳಕ್ಕಾ."

ಕೃಷ್ಣಮ್ಮ ಸೆರಗಿನೊಳಗೇ ಅತ್ತಳು, ಈ ಸಲ ನಿಜವಾಗಿ. "ಈಗ ಹೇಳಿದ್ರೆ ಇಷ್ಟು ಜನದ ಮುಂದೆ ನಮ್ಮ ಯಜಮಾನ್ರು ಸುಳ್ಳ ಆಗೋಯ್ತಾರೆ ಕಣಪ್ಪ. ಇನ್ನೊಂದ್ ದಪ ಫೋನ್ ಮಾಡಕ್ಕೇನಾಗಿತ್ತು ನಿಂಗೆ?"



ಅಷ್ಟರಲ್ಲಿ ಪುಟ್ಟಲಿಂಗಯ್ಯನ ಟಗರು ಬಂತು. ಶ್ರೀನಿವಾಸ್ ಮಂಚದ ಮೇಲಿಟ್ಟಿದ್ದ ಫಾರಮ್ಮಿನ ಕಟ್ಟಿಗೆ ಬಾಯಿ ಹಾಕಿ, ಅರ್ಧ ಅಗಿದು, ಅರ್ಧ ಕಚ್ಚಿಕೊಂಡು ಬೀದಿಗೆ ಹಾರಿತು. ಸರ್ಕಾರಿ ಕಾಗದವೋ ಕಂಪನಿ ಕಾಗದವೋ, ಹೋದರೆ ಆಫೀಸರು ಸುಮ್ಮನೆ ಬಿಡುವುದಿಲ್ಲ ಅಂತ ಪುಟ್ಟಲಿಂಗಯ್ಯನಿಗೆ ಅನ್ನಿಸಿತೋ, ಟಗರು ಕಾಗದ ತಿಂದು ಹೊಟ್ಟೆ ಉಬ್ಬರಿಸಿಕೊಂಡರೆ ಅಂತ ಅನ್ನಿಸಿತೋ, ಕಂಬಳಿ ಒಂದು ಕಡೆ, ಕಾಲಿನ ಬಟ್ಟೆ ಒಂದು ಕಡೆ, ಅವನು ಒಂದೇ ನೆಗೆತಕ್ಕೆ ಜಗುಲಿಯಿಂದ ಹಾರಿ ಟಗರಿನ ಹಿಂಗಾಲು ಹಿಡಿದ. ಬಲಗೈಯಲ್ಲಿ, ಐದು ಬೆರಳೂ ಸೇರಿಸಿ. ಟಗರು ಒದ್ದಾಡಿತು, ಕೈ ಬಿಡಲಿಲ್ಲ. ಹಿಡಿದ ಮೇಲೆ ತಾನೇನು ಮಾಡಿದೆ ಅಂತ ಹೊಳೆದು, ಬಾಯನ್ನು ಮಾತ್ರ ಮತ್ತೆ ಸೊಟ್ಟ ಮಾಡಿಕೊಂಡ.

ಕೆಂಪಯ್ಯ ಆಕಾಶ ನೋಡಿದ.

ಮೊದಲು ನಕ್ಕವರು ಶ್ರೀನಿವಾಸ್. ಪುಟ್ಟಲಿಂಗಯ್ಯನ ಬೆರಳುಗಳನ್ನು ಒಂದೊಂದಾಗಿ ಮಡಚಿಸಿ, ಬಿಡಿಸಿ ನೋಡಿದರು. ಒಂದು ಅಂಗಿ ಗುಂಡಿ ಹಾಕಿಸಿದರು. ಕೈ ಕುಲುಕಿ, ಸಾಕು ಬಿಡಿ, ನೋಯುತ್ತೆ ಅಂದರು. ಆಗ ಮಾತು ಬಂದ ಪುಟ್ಟಲಿಂಗಯ್ಯ ಹೇಳಿದ, "ಸುಳ್ಳಾಡ್ದೆ ಸ್ವಾಮಿ, ತೆಪ್ಪಾಯ್ತು. ಇವನಿಲ್ದಿದ್ರೆ ನಾನು ಈಗ್ಲೂ ಹೆಂಡ್ರ ಕೈಲಿ ತುತ್ತು ಹಾಕಿಸ್ಕೊಂಡು ಉಣ್ಬೇಕಾಗಿತ್ತು."

ಶ್ರೀನಿವಾಸ್ ಹೊಸ ಫಾರಮ್ಮು ತೆಗೆದರು. ಸುಧಾರಣೆ ಎಂಬಲ್ಲಿ ಅತ್ಯುತ್ತಮ ಅಂತ ಬರೆದು ಕೆಳಗೆ ಗೆರೆ ಎಳೆದರು. ಇಂಥದ್ದು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಅಂದರು. ಕೃಷ್ಣಮ್ಮ ತಲೆಗೂದಲು ಗಂಟು ಹಾಕಿಕೊಂಡು ಮಜ್ಜಿಗೆ ತರಲು ಒಳಗೆ ಓಡಿದಳು. ಜಯಕುಮಾರ ಮನಸ್ಸಿನಲ್ಲೇ ಊದುಬತ್ತಿಯವನನ್ನು ಬಸ್ಸು ಹತ್ತಿಸಿ ಕಳಿಸಿದ.

"ಇದೊಂದು ತುಂಬಿಬಿಟ್ರೆ ಮುಗೀತು" ಅಂದರು ಶ್ರೀನಿವಾಸ್. "ಈ ಯಂತ್ರ ಕಟ್ಟಿದಾಗ ಇವರು ಯಾವ ಆಸ್ಪತ್ರೇಲಿ ಅಡ್ಮಿಟ್ ಆಗಿದ್ರು?"

"ಆಸ್ಪತ್ರೆ ಯಾಕೆ ಸಾರ್? ಮನೇಲೇ ಕಟ್ಕೊಂಡು, ಮನೇಲೇ ವಾಸಿಯಾದ್ರು. ಅದೇ ಅಲ್ವಾ ಇದರ ಅನುಕೂಲ."

ಪೆನ್ನು ನಿಂತಿತು. "ಒಂದು ರಾತ್ರಿನಾದ್ರೂ ಆಸ್ಪತ್ರೆ ಹಾಸಿಗೇಲಿ ಮಲಗಿದವರಿಗೆ ಮಾತ್ರ ನಮ್ಮಲ್ಲಿ ವಿಮೆ. ಮನೇಲಿ ವಾಸಿಯಾಗೋದು ಯಾವುದೂ ಪಟ್ಟಿಗೆ ಬರಲ್ಲ." ಅವರು ನಿಜವಾಗಿಯೂ ನೊಂದುಕೊಂಡರು. "ಇದು ಇಷ್ಟು ಸುಲಭ ಇರಬಾರದಿತ್ತು ಜಯಕುಮಾರ್."

ಕೆಂಪಯ್ಯನಿಗೆ ಮತ್ತೆ ಜೀವ ಬಂತು. "ನಾನು ಬಡ್ಕೊಂಡೆ, ಮಲಗಿರು ಕಣ್ಲಾ ಅಂತ. ಎಬ್ಬಿಸ್ಬುಟ್ರು."

ಬಸ್ಸಿಗೆ ಕಾಯುವಾಗ ಶ್ರೀನಿವಾಸ್ ಸಮಾಧಾನದ ಮಾತಿಗೆ ಹುಡುಕಾಡಿ, ಶೆಡ್ಡಿಗೆ ವಿಮೆ ಮಾಡಿಸಿದ್ದೀರಾ ಅಂತ ಕೇಳಿದರು. ಬೆಂಕಿ, ಮಳೆ, ಗಲಾಟೆ, ಕಳ್ಳತನ, ಎಲ್ಲಕ್ಕೂ ಸಿಗುತ್ತದೆಯಂತೆ.

"ವ್ಯಾಪಾರ ಮುಳುಗಿದ್ರೆ ಸಾರ್?"

"ಅದೊಂದಕ್ಕೆ ಇಲ್ಲ."

ಜಯಕುಮಾರ ರಸ್ತೆ ಕಡೆ ನೋಡುತ್ತ ನಿಂತ. ಸೋಮವಾರ ಶೆಡ್ಡಿನ ಆ ನಾಲ್ವರು ಹೆಂಗಸರು ಬೇಗ ಬಂದುಬಿಡುತ್ತಾರೆ. ಬಸ್ಸು ತಿರುವಿನಲ್ಲಿ ಕಾಣಿಸಿತು. ಶ್ರೀನಿವಾಸ್ ಬ್ಯಾಗು ಹೆಗಲಿಗೇರಿಸಿಕೊಂಡವರು ಹತ್ತಿರ ಬಂದು, ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು.

"ನಮ್ಮ ತಾಯಿಗೂ ಹೋದ ಯುಗಾದಿಯಿಂದ ಕೈ ಹಿಂಗೇ ಆಗಿದೆ ಜಯಕುಮಾರ್. ಮಗನ ಕಂಪನಿ ಆದ್ರೂ ಅವರಿಗೂ ಇದು ಸಿಗಲ್ಲ. ಒಂದು ಸ್ಯಾಂಪಲ್ ಅಂತ ಕೊಡೋಕಾಗುತ್ತಾ?"

ಜಯಕುಮಾರನ ಬಾಯಿಗೆ ಏನೇನೋ ಬಂತು. ಬಂದದ್ದನ್ನೆಲ್ಲ ನುಂಗಿದ ಮೇಲೆ ಉಳಿದದ್ದು ಒಂದೇ ಮಾತು.

"ಬಲಗೈಯಾ, ಎಡಗೈಯಾ ಸಾರ್?"

"ಎಡಗೈ."

ಮಾಡಿಟ್ಟದ್ದೆಲ್ಲ ಬಲಗೈಯವು. ಸೋಮವಾರ ಹೆಂಗಸರು ಬೇಗ ಬಂದರು. ಆ ಶೆಡ್ಡಿನಲ್ಲಿ ಕೊನೆಯದಾಗಿ ತಯಾರಾದದ್ದು ಒಂದು ಎಡಗೈಯದು. ಒಬ್ಬ ತಾಯಿಯ ಸಣ್ಣ ಬೆರಳುಗಳ ಅಳತೆಗೆ, ಬಿಲ್ಲಿಲ್ಲದೆ.