ದೊಡ್ಡ ಹಗಲಿನ ತಪಾಸಣೆ

ಸೂರ್ಯ ಏನಾದರೂ ನಮ್ಮ ಚಿಕ್ಕಪ್ಪನ ಕಾರ್ಖಾನೆಯಲ್ಲಿ ತಯಾರಾಗಿದ್ದರೆ ನಾವೆಲ್ಲ ಇವತ್ತಿಗೂ ಕತ್ತಲಲ್ಲೇ ಇರುತ್ತಿದ್ದೆವು. ಅದರಲ್ಲಿ ಏನಾದರೊಂದು ಕೊಂಕು ಹುಡುಕಿ, ಕೆಂಪು ಚೀಟಿ ಅಂಟಿಸಿ, ಹಿಂದಕ್ಕೆ ಕಳಿಸಿರುತ್ತಿದ್ದರು. ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು ಅವರು. ಕಾರ್ಖಾನೆ ಅವರನ್ನು ಬಿಟ್ಟಿತು, ತಪಾಸಣೆ ಬಿಡಲಿಲ್ಲ. ನನ್ನ ಮದುವೆಯ ದಿನ ಮಂಟಪದ ಕಂಬ ಎರಡು ಬೆರಳು ವಾಲಿದೆ ಎಂದು ಪುರೋಹಿತರ ಮಂತ್ರ ನಿಲ್ಲಿಸಿದವರು! ಕಂಬ ನೆಟ್ಟಗಾದ ಮೇಲೆಯೇ ತಾಳಿ ನನ್ನ ಕೊರಳಿಗೆ ಬಿದ್ದದ್ದು.

ಇಂಥವರು ಒಂದು ದಿನ ನಾಗಸಂದ್ರದಿಂದ ಫೋನ್ ಮಾಡಿ, ತಮ್ಮನ್ನೂ ಚಿಕ್ಕಮ್ಮನನ್ನೂ ಯೋಗಶಿಬಿರಕ್ಕೆ ಕರೆದುಕೊಂಡು ಹೋಗಬೇಕು ಎಂದರು. ಆನೇಕಲ್ ದಾಟಿದ ಮೇಲೆ ಸಿಗುವ ಒಂದು ಬೆಟ್ಟದ ಮೇಲೆ, ಜೂನ್ ಇಪ್ಪತ್ತೊಂದಕ್ಕೆ, ವರ್ಷದ ಅತಿ ದೊಡ್ಡ ಹಗಲಿನ ಉತ್ಸವವಂತೆ. ನಾನಿರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಲ್ಲಿಂದ ಬೆಟ್ಟ ಹತ್ತಿರ, ನನ್ನ ಹತ್ತಿರ ಕಾರಿದೆ, ಆದ್ದರಿಂದ ನನಗೆ ವಿನಾಯಿತಿ ಇರಲಿಲ್ಲ. ನನಗೆ ಅರ್ಥವಾಗದ್ದು ಬೇರೆ. ಯೋಗವೆಂದರೆ ಲೋಡಿಲ್ಲದೆ ಮೋಟಾರು ಓಡಿಸಿದ ಹಾಗೆ, ಸುಮ್ಮನೆ ಕರೆಂಟು ದಂಡ ಎಂದು ನಗುತ್ತಿದ್ದವರು ಈ ಮನುಷ್ಯ. ಚಿಕ್ಕಮ್ಮನನ್ನು ಕೇಳಿದರೆ, ತನಗೂ ಗೊತ್ತಿಲ್ಲ, ಒಂದು ತಿಂಗಳಿಂದ ಇದೇ ಜಪ ಎಂದರು.

ಹಿಂದಿನ ದಿನವೇ ಹೋಗಿ ಉಳಿದುಕೊಂಡೆವು. ಬೆಳಗ್ಗೆ ಬಯಲಿನಲ್ಲಿ ನಲವತ್ತು ಜನ ಪೂರ್ವಕ್ಕೆ ಮುಖ ಮಾಡಿ ಚಾಪೆ ಹಾಸಿದ್ದರು. ಸೂರ್ಯ ಹುಟ್ಟಿದ ಕ್ಷಣದಿಂದ ಮುಳುಗುವವರೆಗೆ ಯಾರೂ ಮಾತಾಡುವ ಹಾಗಿಲ್ಲ, ಮಾತಾಡಿದವರು ಮನೆಗೆ ಹೊರಡಬೇಕು ಎಂಬುದು ಶಿಬಿರದ ನಿಯಮ. ಇನ್ನು ಐದು ನಿಮಿಷವಿದೆ ಎನ್ನುವಾಗ ಚಿಕ್ಕಪ್ಪ ಜೇಬಿನಿಂದ ದಿಕ್ಸೂಚಿ ತೆಗೆದರು. ಇವತ್ತು ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದಿಲ್ಲ, ಇಡೀ ವರ್ಷದಲ್ಲೇ ಅತಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ನೀವೆಲ್ಲ ಬೇರೆ ಯಾರಿಗೋ ನಮಸ್ಕಾರ ಹಾಕಲು ಹೊರಟಿದ್ದೀರಿ ಎಂದು ಸಾರಿದರು. ನಲವತ್ತು ಚಾಪೆಗಳು ಎಡಕ್ಕೆ ತಿರುಗಿದವು. ಆಮೇಲೆ ನೋಡಿದರೆ ಜೂನ್ ತಿಂಗಳ ಮೋಡ, ಸೂರ್ಯನೇ ಇಲ್ಲ. ಜನ ಅನುಮಾನದಿಂದ ಚಿಕ್ಕಪ್ಪನ ಕಡೆ ತಿರುಗಿದರು. ಅಷ್ಟರಲ್ಲಿ ಮೌನ ಶುರುವಾಗಿತ್ತು. ಅವರು ಮೋಡದ ಒಂದು ಜಾಗಕ್ಕೆ ಬೆರಳು ತೋರಿಸಿ, ಅಲ್ಲೇ ಇದ್ದಾನೆ, ನನ್ನ ಜವಾಬ್ದಾರಿ ಎನ್ನುವಂತೆ ಎದೆ ಮುಟ್ಟಿಕೊಂಡರು. ನಾವು ಆ ಮೋಡಕ್ಕೆ ನೂರೆಂಟು ನಮಸ್ಕಾರ ಹಾಕಿದೆವು. ಸರಿಯಾಗಿ ಹೇಳಬೇಕೆಂದರೆ ನಾನು ಹದಿನಾಲ್ಕು.

ಮೌನದಲ್ಲಿ ಚಿಕ್ಕಪ್ಪ ಇನ್ನೂ ಅಪಾಯಕಾರಿ ಎಂದು ನನಗೆ ಗೊತ್ತಿರಲಿಲ್ಲ. ನಿವೃತ್ತರಾಗುವಾಗ ಕಾರ್ಖಾನೆಯಿಂದ ತಂದಿದ್ದ ಕೆಂಪು ಚೀಟಿಗಳ ಕಟ್ಟು ಚೀಲದಲ್ಲಿತ್ತು. ತಿಂಡಿಯ ಹೊತ್ತಿಗೆ ಸೋರುವ ನಲ್ಲಿಯ ಮೇಲೆ ಒಂದು, ಕಿರುಗುಟ್ಟುವ ಬಾಗಿಲ ಮೇಲೆ ಒಂದು, ಉಪ್ಪಿಲ್ಲದ ಗಂಜಿಯ ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು. ಮುಂದಿನ ಸರದಿ ಶಿಬಿರದ ಗುರುಗಳದು. ಅವರು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದ ಮರದ ಪೀಠಕ್ಕೆ ಒಂದು ಕಾಲು ಗಿಡ್ಡ. ಉಸಿರೆಳೆದಾಗ ಪೀಠ ಆ ಕಡೆ, ಬಿಟ್ಟಾಗ ಈ ಕಡೆ. ಚಿಕ್ಕಪ್ಪ ಎಷ್ಟು ಹೊತ್ತು ತಾನೇ ಸಹಿಸಿಯಾರು? ಮಂಡಿಯೂರಿಕೊಂಡು ಹೋಗಿ, ಶಿಬಿರದ ಕರಪತ್ರವನ್ನೇ ಎಂಟು ಮಡಿಕೆ ಮಾಡಿ ಆ ಕಾಲಿನ ಕೆಳಗೆ ತೂರಿಸಿ ಬಂದರು. ಗುರುಗಳು ಕಣ್ಣು ತೆರೆಯಲಿಲ್ಲ. ಆದರೆ ಅವರ ಮುಖದ ಮೇಲೆ ಬೆಳಗಿನಿಂದ ಕಾಣದ ಒಂದು ಶಾಂತಿ ಮೂಡಿದ್ದನ್ನು ಎಲ್ಲರೂ ನೋಡಿದೆವು.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ಮಾತಾಡುವ ಹಕ್ಕು ಶಿಬಿರ ನಡೆಸುವವರಿಗೆ ಮಾತ್ರ ಇತ್ತು. ಈ ಪವಿತ್ರ ದಿನ ನಡು ಮಧ್ಯಾಹ್ನ ನಮ್ಮ ನೆರಳು ಪಾದದಡಿಯಲ್ಲಿ ಪೂರ್ತಿ ಕರಗುತ್ತದೆ, ಅದರ ಜೊತೆ ಅಹಂಕಾರವೂ ಕರಗಲಿ ಎಂದು ಗುರುಗಳು ಮೈಕಿನಲ್ಲಿ ಹೇಳಿದರು. ನಾನು ಗಾಬರಿಯಿಂದ ಚಿಕ್ಕಪ್ಪನ ತೋಳು ಹಿಡಿಯುವಷ್ಟರಲ್ಲಿ ಅವರು ಎದ್ದು ನಿಂತಾಗಿತ್ತು.

"ಇಲ್ಲ ಸಾರ್. ನಮ್ಮ ಕಡೆ ನೆರಳು ಕರಗೋದು ಏಪ್ರಿಲ್‌ನಲ್ಲಿ ಒಂದ್ಸಲ, ಆಗಸ್ಟ್‌ನಲ್ಲಿ ಒಂದ್ಸಲ. ಇವತ್ತು ದಕ್ಷಿಣಕ್ಕೆ ಬೀಳತ್ತೆ. ಬೇಕಾದ್ರೆ ನಿಂತ್ಕೊಳ್ಳಿ, ಅಳೆಯೋಣ."

ಗುರುಗಳು ಒಳ್ಳೆಯವರು, ನಿಂತರು. ಚಿಕ್ಕಪ್ಪ ಟೇಪು ಹಿಡಿದರು. ನೆರಳು ಸರಿಯಾಗಿ ದಕ್ಷಿಣಕ್ಕೆ, ಒಂದಡಿ. ಮೌನವ್ರತದ ಹಿಂದಿನ ಸಾಲಿನಿಂದ, ಯಾರ ದನಿಯೆಂದು ಗೊತ್ತಾಗದ ಹಾಗೆ, "ಹಾಗಾದ್ರೆ ಅಹಂಕಾರ ಇನ್ನೂ ಒಂದಡಿ ಬಾಕಿ ಇದೆ ಗುರೂಜಿ" ಎಂಬ ಮಾತು ಬಂತು. ಇಡೀ ಶಿಬಿರ ನಕ್ಕಿತು, ಗುರುಗಳೂ ನಕ್ಕರು. ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

ನಗದೆ ಇದ್ದವರು ಶಿಬಿರದ ಮೇಲ್ವಿಚಾರಕಿ ಒಬ್ಬರೇ. ಅವರು ನನ್ನನ್ನು ಪಕ್ಕಕ್ಕೆ ಕರೆದು, ನಿಯಮ ಎಲ್ಲರಿಗೂ ಒಂದೇ, ಊಟವಾದ ಮೇಲೆ ನಿಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ಹೊರಡಿ ಎಂದರು. ನನಗೆ ನಿಜಕ್ಕೂ ಸಮಾಧಾನವಾಯಿತು. ಕಾರಿನ ಕೀ ಹಿಡಿದುಕೊಂಡೇ ಹೋಗಿ ಚಿಕ್ಕಪ್ಪನಿಗೆ ಪಿಸುದನಿಯಲ್ಲಿ ವಿಷಯ ತಿಳಿಸಿದೆ. ಅವರು ವಾದಕ್ಕೆ ಇಳಿಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು.

"ಸಾಯಂಕಾಲದವರೆಗೂ ಇರೋಕೆ ಬಿಡಮ್ಮ," ಎಂದರು. ಈ ದನಿಯನ್ನು ನಾನು ಅವರಿಂದ ಕೇಳಿಯೇ ಇರಲಿಲ್ಲ. "ನಾನು ಸೆಕೆಂಡ್ ಶಿಫ್ಟು, ಅವಳು ಜನರಲ್ ಶಿಫ್ಟು. ಮಕ್ಕಳ ಹತ್ರ ಯಾರಾದ್ರೂ ಒಬ್ರು ಇರ್ಬೇಕಲ್ಲ ಅಂತ ನಾನೇ ಕೇಳಿ ಹಾಕಿಸ್ಕೊಂಡಿದ್ದು. ನನಗೆ ರಜ ಭಾನುವಾರ, ಅವಳ ಫ್ಯಾಕ್ಟರಿಗೆ ಬುಧವಾರ. ರಾತ್ರಿ ನಾನು ಬರೋಷ್ಟ್ರಲ್ಲಿ ಅವಳು ಮಲಗಿರೋಳು. ರಿಟೈರ್ ಆದ್ಮೇಲೆ ಅವಳು ದಿನಾ ಬೆಳಗ್ಗೆ ಮೊಮ್ಮಗು ನೋಡ್ಕೊಳ್ಳೋಕೆ ಹೋಗ್ತಾಳೆ. ನಾವಿಬ್ರೂ ಒಂದು ಹಗಲು ಪೂರ್ತಿ ಜೊತೇಲಿ ಕೂತಿದ್ದೇ ಇಲ್ಲ. ಕೂರೋದಾದ್ರೆ ದೊಡ್ಡ ಹಗಲೇ ನೋಡಿ ಕೂರೋಣ ಅಂತ ಬಂದೆ."

ನಾನು ಕೀ ಚೀಲಕ್ಕೆ ಹಾಕಿ ಮೇಲ್ವಿಚಾರಕಿಯ ಹತ್ತಿರ ವಾಪಸು ಹೋದೆ. ಅವರು ನನ್ನ ಪಿಸುಮಾತು ಕೇಳಿಸಿಕೊಂಡು, ಇನ್ನೊಂದು ಮಾತು ಆಡದಿದ್ದರೆ ಇರಲಿ ಎಂದರು.

ಆಡಲಿಲ್ಲ. ಬಯಲಿನ ಅಂಚಿನ ಬಂಡೆಯ ಮೇಲೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಕೂತರು. ಯಾವ ಆಸನಕ್ಕೂ ಏಳಲಿಲ್ಲ. ಬಿಸಿಲು ತಿರುಗಿದಾಗ ಚಿಕ್ಕಪ್ಪ ಎದ್ದು, ಚಿಕ್ಕಮ್ಮನ ಮೇಲೆ ತಮ್ಮ ನೆರಳು ಬೀಳುವ ಕಡೆಗೆ ಬಂದು ಕೂತರು. ಅವರಿಬ್ಬರ ಹತ್ತಿರ ಯಾರೂ ಹೋಗಲಿಲ್ಲ.

ಸೂರ್ಯ ಮುಳುಗಿದ ಮೇಲೆ ಶಂಖ ಊದಿದರು. ದಿನವಿಡೀ ಕಟ್ಟಿಕೊಂಡಿದ್ದ ಮಾತು ಒಮ್ಮೆಲೇ ಬಿಚ್ಚಿಕೊಂಡು ಬಯಲು ಸಂತೆಯಾಯಿತು. ಚಿಕ್ಕಮ್ಮ ಸೀರೆ ಕೊಡವಿಕೊಂಡು ಎದ್ದರು.

"ಮುಗೀತಲ್ಲ, ಏಳ್ರೀ," ಎಂದರು.

ಚಿಕ್ಕಪ್ಪ ಆಕಾಶವನ್ನೊಮ್ಮೆ ನೋಡಿ, ಕೈಯಿಂದ ಬಂಡೆ ಒರೆಸಿದರು.

"ಇನ್ನೂ ಸ್ವಲ್ಪ ಬೆಳಕಿದೆ. ಕೂತ್ಕೋ."